ಅಂಗಳದ ಒದ್ದೆ ಮೂಲೆಗೆ ಛತ್ರಿ ಜೇಕು

ಕಾಣಿಯೂರು ಸುತ್ತಮುತ್ತ ಮನೆಯಂಗಳವೆಂದರೆ ಕ್ರೋಟನ್, ದಾಸವಾಳ, ಆಂಥೂರಿಯಂ. ಬಚ್ಚಲ ನೀರು ಇಂಗುವ ಹಿತ್ತಿಲ ಮೂಲೆಗೆ ಮಾತ್ರ ಕೆಸುವೋ ಬಾಳೆಯೋ ಗತಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಮುಗಿಯುವ ಈ ಸೀಮೆಯಲ್ಲಿ ಬೇರು ಕೊಳೆಯದೆ ಉಳಿಯುವ ಅಲಂಕಾರದ ಗಿಡಗಳು ಕಡಿಮೆ. ಒದ್ದೆ ನೆಲವನ್ನೇ ಬಯಸುವ ಜೇಕಿನ ಬಳಗಕ್ಕೆ ಆ ಮೂಲೆ ಸರಿಯಾದ ಜಾಗ. ನರ್ಸರಿಗಳಲ್ಲಿ ಸಿಗುವ ಛತ್ರಿ ಜೇಕು ಇಲ್ಲಿಗೆ ಸಾಕು. ಅದೇ ಬಳಗದ ಪಪೈರಸ್ ಆಳೆತ್ತರ ಮೀರುತ್ತದೆ, ಗಾಳಿಮಳೆಗೆ ಬಾಗಿ ಮುರಿಯುತ್ತದೆ. ಆನ್‌ಲೈನ್‌ನಲ್ಲಿ ಮಾರುವ ಪಟ್ಟೆ ಎಲೆಯ ಕ್ಯಾರೆಕ್ಸ್‌ಗಳು ಹೆಚ್ಚಾಗಿ ತಂಪು ದೇಶದವು. ನಮ್ಮ ಏಪ್ರಿಲ್ ಸೆಕೆಗೆ ಅವನ್ನು ಒಡ್ಡಿ ದುಡ್ಡು ಕಳೆಯಬೇಕಿಲ್ಲ.

ಜೇಕು ಎಂದೊಡನೆ ಕೃಷಿಕರು ಹುಬ್ಬು ಗಂಟಿಕ್ಕುವುದು ಸಹಜ. ಕೊನ್ನಾರಿ ಗಡ್ಡೆಯೂ ಇದೇ ಕುಟುಂಬದ್ದು. ಅದು ನೆಲದಡಿ ಗಡ್ಡೆಗಳನ್ನು ಸರದಂತೆ ಪೋಣಿಸುತ್ತ ಹೋಗುವುದರಿಂದ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಛತ್ರಿ ಜೇಕಿಗೆ ಅಂಥ ಗಡ್ಡೆಗಳಿಲ್ಲ, ಬುಡದಲ್ಲೇ ಹಿಂಡಾಗಿ ಬೆಳೆಯುತ್ತದೆ, ಬೇಡವೆಂದರೆ ಹಾರೆ ಹಾಕಿ ಎಬ್ಬಿಸಬಹುದು. ಆದರೂ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆಫ್ರಿಕಾ, ಮಡಗಾಸ್ಕರ್ ಮೂಲದ ಈ ಗಿಡ ಹಲವು ಬಿಸಿಲ ನಾಡುಗಳಲ್ಲಿ ಬೀಜದ ಮೂಲಕ ತೋಡಿನ ದಂಡೆಗಳಿಗೆ ಹಬ್ಬಿದೆ. ಹಾಗಾಗಿ ಅಡಿಕೆ ತೋಟದ ಕಣಿಯಲ್ಲಾಗಲಿ, ಕುಮಾರಧಾರೆಗೆ ಸೇರುವ ತೋಡಿನ ಬದಿಯಲ್ಲಾಗಲಿ ನೆಡಲೇಬಾರದು.

ನೆಡಲು ಜೂನ್ ಒಳ್ಳೆಯ ಕಾಲ. ಗಿಡ ಕೊಳ್ಳಬೇಕೆಂದೂ ಇಲ್ಲ. ಪರಿಚಯದವರಲ್ಲಿ ಇದ್ದರೆ ಕೊಡೆಯಂತೆ ಎಲೆ ಹರಡಿದ ಎರಡು ದಂಟು ಕೇಳಿ ಪಡೆದರಾಯಿತು. ನಾಲ್ಕು ಇಂಚು ದಂಟು ಉಳಿಸಿ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಸವರಿ, ತಲೆಕೆಳಗಾಗಿ ಬಕೆಟ್ ನೀರಿನಲ್ಲಿ ಇಡಿ. ಎರಡು ಮೂರು ವಾರಗಳಲ್ಲಿ ಎಲೆಗಳು ಕೂಡುವ ನಡುವಿನಿಂದ ಬೇರೂ ಮೊಳಕೆಯೂ ಹೊರಡುತ್ತವೆ. ಅರ್ಧ ದಿನ ಬಿಸಿಲು ಬೀಳುವ ಕಡೆ ಒಂದಡಿ ಆಳದ ಗುಂಡಿ ತೆಗೆಯಿರಿ. ಮುರಕಲ್ಲಿನ ನೆಲದಲ್ಲಿ ಬೇಸಗೆಗೆ ನೀರು ನಿಲ್ಲುವುದಿಲ್ಲವಾದ್ದರಿಂದ ಹಳೆಯ ಸಿಲ್ಪಾಲಿನ್ ತುಂಡು ಹಾಸಿ, ಹೆಚ್ಚಿನ ನೀರು ಹೋಗಲು ಅಂಚಿನ ಹತ್ತಿರ ಮಾತ್ರ ಒಂದೆರಡು ತೂತು ಮಾಡಿ. ಮಣ್ಣು ಮತ್ತು ಸ್ವಲ್ಪ ಹಟ್ಟಿಗೊಬ್ಬರ ತುಂಬಿ, ಬುಡವನ್ನು ಆಳಕ್ಕೆ ಹೂಳದೆ ಗಿಡ ಕೂರಿಸಿ, ಮೇಲೆ ಎರಡು ಇಂಚು ಜಲ್ಲಿ ಹರಡಿ. ನೀರು ಜಲ್ಲಿಯ ಮಟ್ಟಕ್ಕಿಂತ ಕೆಳಗೇ ಇದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿಲ್ಲ. ಜಲ್ಲಿ ಹಾಕಲು ಜಿಪುಣತನ ಬೇಡ.

ಕುಡಿಯುವ ನೀರಿಗೇ ತತ್ವಾರವಿರುವ ಮಾರ್ಚ್‌, ಏಪ್ರಿಲ್‌ನಲ್ಲಿ ನೀರುಬಾಕ ಗಿಡ ಏಕೆ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಬಾವಿಯ ನೀರು ಹಾಯಿಸಿ ಸಾಕುವುದಾದರೆ ಇದು ಬೇಡವೇ ಬೇಡ. ಆದರೆ ಪಾತ್ರೆ ತೊಳೆದ, ಸ್ನಾನದ ನೀರು ಆಗಲೂ ಹರಿಯುತ್ತಲೇ ಇರುತ್ತದೆ. ಇಂಥ ಬಳಸಿದ ನೀರಿನ ಸಾರಜನಕ, ರಂಜಕಗಳನ್ನು ಬೇರು ಹೀರುವುದರಿಂದಲೇ ಜೇಕನ್ನು ಕೊಳಚೆ ಶುದ್ಧೀಕರಣದ ಜೌಗುಹಾಸುಗಳಲ್ಲಿ ಬೆಳೆಸುತ್ತಾರೆ. ನೆಟ್ಟ ಮೇಲೆ ಬೇರೆ ಗೊಬ್ಬರ ಬೇಕಾಗುವುದಿಲ್ಲ. ಆಸಿಡ್, ಬ್ಲೀಚಿಂಗ್, ಫಿನಾಯಿಲ್ ನೀರನ್ನು ಮಾತ್ರ ಬೇರೆಡೆಗೆ ತಿರುಗಿಸಿ. ಎಲೆತುದಿ ಕಂದಿದರೆ ಮೊದಲು ಬುಡದ ತೇವ ನೋಡಿ.

ಮಳೆ ಬಿಟ್ಟ ಮೇಲೆ ಹಳದಿಯಾದ ದಂಟುಗಳನ್ನು ಬುಡಮಟ್ಟ ಕೊಯ್ದು ಅಡಿಕೆ ಬುಡಕ್ಕೆ ಹಾಕಬಹುದು. ಎರಡು ಮೂರು ವರ್ಷಕ್ಕೊಮ್ಮೆ ಹಿಂಡಿನ ನಡುಭಾಗ ಬರಡಾಗುತ್ತದೆ. ಆಗ ಎಬ್ಬಿಸಿ, ಅಂಚಿನ ಎಳೆಯ ಭಾಗಗಳನ್ನಷ್ಟೇ ಮರಳಿ ನೆಡಿ. ಹೂತೆನೆಗಳನ್ನು ಕಂದು ಬಣ್ಣಕ್ಕೆ ತಿರುಗುವ ಮೊದಲೇ ಕತ್ತರಿಸಬೇಕು. ಅವನ್ನು ಗೊಬ್ಬರದ ಗುಂಡಿಗೆ ಎಸೆದರೆ ಬೀಜ ಗೊಬ್ಬರದ ಜೊತೆ ತೋಟಕ್ಕೇ ಹೋಗುತ್ತದೆ. ಸುಡುಮಣ್ಣಿನ ರಾಶಿಗೆ ಹಾಕಿ.