ಕಿವಿಗೊಟ್ಟು ಓದುವ ಪುಸ್ತಕ

‘ದಿ ಗರ್ನ್ಸಿ ಲಿಟರರಿ ಅಂಡ್ ಪೊಟಾಟೊ ಪೀಲ್ ಪೈ ಸೊಸೈಟಿ’ 2008ರಲ್ಲಿ ಪ್ರಕಟವಾದ, ಪತ್ರಗಳಲ್ಲೇ ಸಾಗುವ ಇಂಗ್ಲಿಷ್ ಕಾದಂಬರಿ. ಧ್ವನಿಪುಸ್ತಕದಲ್ಲಿ ಅದನ್ನು ಹಲವು ಕಂಠಗಳು ಓದುತ್ತವೆ.

1940ರಿಂದ 1945ರವರೆಗೆ ಗರ್ನ್ಸಿ ದ್ವೀಪ ಜರ್ಮನ್ ಸೈನ್ಯದ ವಶದಲ್ಲಿದ್ದುದು ಚರಿತ್ರೆ; ಓದುಗರ ಸಂಘ ಮಾತ್ರ ಕಲ್ಪನೆ. ರಾತ್ರಿ ಕರ್ಫ್ಯೂ ಮೀರಿ ಸಿಕ್ಕಿಬಿದ್ದವರು, ಪುಸ್ತಕ ಓದುವ ಸಂಘದಿಂದ ಬರುತ್ತಿದ್ದೇವೆಂದು ಸುಳ್ಳು ಹೇಳುತ್ತಾರೆ. ಅದನ್ನು ನಿಜವಾಗಿಸಲು ಓದತೊಡಗಿ ಓದುಗರೇ ಆಗಿಬಿಡುತ್ತಾರೆ. (ನೀತಿಶಾಸ್ತ್ರ ಕಲಿಸುವವರು ಇಲ್ಲಿ ತುಸು ಕೆಮ್ಮಬಹುದು!)

ಆ ಕಷ್ಟಕಾಲದಲ್ಲೂ ಚಾರ್ಲ್ಸ್ ಲ್ಯಾಂಬ್‌ರ ಪ್ರಬಂಧಗಳು ತನ್ನನ್ನು ನಗಿಸಿದವೆಂದು ರೈತ ಡಾಸಿ ಬರೆಯುತ್ತಾನೆ. ಕಣ್ಣಿನಿಂದ ಓದುವಾಗ ಇಂಥ ಮಾತನ್ನು ಬೇಗ ದಾಟಿಬಿಡುತ್ತೇವೆ. ಕೇಳುವಾಗ ಓದುವವರ ವೇಗಕ್ಕೆ ಕಾಯಲೇಬೇಕು. ಡಾಸಿ ಎದುರಿಗೆ ಕುಳಿತು ಮಾತನಾಡಿದಂತಾಗುತ್ತದೆ.

ಮನೆಯವರೆಲ್ಲ ಒಟ್ಟಿಗೆ ಕೇಳಿ. ಇಂಗ್ಲಿಷ್ ಬಾರದ ಅಜ್ಜಿಗೆ, ಪ್ರತಿ ಪತ್ರ ಮುಗಿದಾಗ ನಿಲ್ಲಿಸಿ, ಕನ್ನಡದಲ್ಲಿ ಹೇಳಿ.