ದುಬಾರಿ ವಾಹನದ ದೋಷ: ದೂರು, ದಾಖಲೆ ಮತ್ತು ಲೆಕ್ಕಪತ್ರ

ಬೆಲೆ ಹೆಚ್ಚಾದಷ್ಟೂ ದೋಷ ಕಡಿಮೆ ಎಂಬ ನಂಬಿಕೆ ಮಾರುಕಟ್ಟೆಯಲ್ಲಿ ಬೇರೂರಿದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಪ್ರಕರಣಗಳಲ್ಲಿ ಬಿಎಂಡಬ್ಲ್ಯು ಸಂಸ್ಥೆಯ ಎನ್63 ಎಂಜಿನ್ನಿನದು ಪ್ರಮುಖವಾದುದು. ಕೊಳ್ಳುವವರಿಗೂ ತಯಾರಿಸುವವರಿಗೂ ಇದರಲ್ಲಿ ಪಾಠವಿದೆ.

ಪ್ರಕರಣದ ಸ್ವರೂಪ

2008ರಲ್ಲಿ ಎಕ್ಸ್6 ವಾಹನದೊಡನೆ ಮಾರುಕಟ್ಟೆಗೆ ಬಂದ ಈ 4.4 ಲೀಟರಿನ, ಎಂಟು ಸಿಲಿಂಡರುಗಳ ಎಂಜಿನ್ ಮುಂದೆ ಎಕ್ಸ್5 ಹಾಗೂ ಹಲವು ಕಾರುಗಳಿಗೂ ಅಳವಡಿಕೆಯಾಯಿತು. 'ವಿ' ಆಕಾರದಲ್ಲಿರುವ ಎರಡು ಸಿಲಿಂಡರ್ ಸಾಲುಗಳ ನಡುವೆಯೇ ಎರಡು ಟರ್ಬೋಚಾರ್ಜರುಗಳನ್ನು ಕೂರಿಸಲಾಗಿತ್ತು. ಸ್ಥಳ ಉಳಿಯಿತು, ಶಕ್ತಿ ಶೀಘ್ರವಾಗಿ ದೊರೆಯಿತು. ಆದರೆ ಶಾಖವೂ ಎಂಜಿನ್ನಿನ ನಡುಭಾಗದಲ್ಲೇ ಶೇಖರವಾಯಿತು. ಎಂಜಿನ್ ಆಯಿಲ್ ಅತಿಯಾಗಿ ವ್ಯಯವಾಗುವುದು, ಇಂಜೆಕ್ಟರುಗಳು ಕೆಡುವುದು, ಟೈಮಿಂಗ್ ಚೈನ್ ಸಡಿಲವಾಗುವುದು, ಬ್ಯಾಟರಿ ಬೇಗ ಸೋಲುವುದು ಮುಂತಾದ ದೂರುಗಳು ಬಂದವು. ದೂರಿತ್ತಾಗ 'ಇದು ಸಹಜ' ಎಂಬ ಉತ್ತರ ದೊರೆಯಿತೆಂಬುದು ಮಾಲೀಕರ ಅಳಲು.

2014ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸಂಸ್ಥೆಯು 'ಗ್ರಾಹಕ ಕಾಳಜಿ' ಯೋಜನೆಯೊಂದನ್ನು ಪ್ರಕಟಿಸಿ, ಮೇಲ್ಕಂಡ ಭಾಗಗಳ ತಪಾಸಣೆ ಮತ್ತು ಬದಲಾವಣೆಗೆ ಮುಂದಾಯಿತು. ಆಯಿಲ್ ಬದಲಾವಣೆಯ ಅವಧಿಯನ್ನು 15,000 ಮೈಲಿಯಿಂದ 10,000 ಮೈಲಿಗೆ ಇಳಿಸಲಾಯಿತು. ಆದರೂ 2015ರಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಮಾಲೀಕರು ಸಾಮೂಹಿಕ ದಾವೆ ಹೂಡಿದರು. ಅದು 2018ರಲ್ಲಿ ರಾಜಿಯಲ್ಲಿ ಮುಕ್ತಾಯವಾಯಿತು. ಹಿಂದೆ ಮಾಡಿದ ವೆಚ್ಚವನ್ನು ಹಿಂಪಡೆಯಲು ದಾಖಲೆ ಒದಗಿಸಬೇಕಾಗಿತ್ತೆಂಬುದು ಗಮನಾರ್ಹ.

ಕೊಳ್ಳುವ ವ್ಯಾಪಾರಿಗೆ

ನಮ್ಮಲ್ಲಿ ದುಬಾರಿ ವಾಹನಗಳನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದು ವಾಡಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ಸಾಮಾನ್ಯವಾಗಿ 'ಗ್ರಾಹಕ' ಎಂದು ಪರಿಗಣಿಸುವುದಿಲ್ಲ. ಆದರೆ ಡೈಮ್ಲರ್ ಕ್ರೈಸ್ಲರ್ ಇಂಡಿಯಾ ಮತ್ತು ಕಂಟ್ರೋಲ್ಸ್ ಅಂಡ್ ಸ್ವಿಚ್‌ಗೇರ್ ನಡುವಣ ಪ್ರಕರಣದಲ್ಲಿ, ನಿರ್ದೇಶಕರ ವೈಯಕ್ತಿಕ ಬಳಕೆಗಾಗಿ ಕಂಪನಿಯು ಕೊಂಡ ಕಾರು ವಾಣಿಜ್ಯ ಉದ್ದೇಶದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ತೀರ್ಪಿತ್ತಿತು. ಕಾರಿನೊಳಗಿನ ಮಧ್ಯದ ಉಬ್ಬು ಅತಿಯಾಗಿ ಕಾಯುತ್ತದೆಂಬುದು ಅಲ್ಲಿನ ದೂರು. ಆದ್ದರಿಂದ ವಾಹನ ಯಾರ ಬಳಕೆಗೆ ಎಂಬುದನ್ನು ಖರೀದಿಯ ನಿರ್ಣಯದಲ್ಲೇ ನಮೂದಿಸುವುದು ಲೇಸು. ಪ್ರತಿ ಭೇಟಿಯ ಜಾಬ್ ಕಾರ್ಡಿನಲ್ಲಿ ದೋಷವನ್ನು ಬರೆಸಬೇಕು. ದೂರು ಸಲ್ಲಿಸಲು ಕಾರಣ ಉದ್ಭವಿಸಿದಂದಿನಿಂದ 2 ವರ್ಷಗಳ ಕಾಲಮಿತಿಯಿದೆ.

ಇಂತಹ ವಾಹನದ ಖರೀದಿ ಹಾಗೂ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ವಾರಂಟಿ ಮುಗಿದ ಬಳಿಕ ದುರಸ್ತಿಯ ಪೂರ್ಣ ಹೊರೆ ಮಾಲೀಕನದೇ.

ತಯಾರಕನಿಗೆ

ಪಂಪು, ಗ್ರೈಂಡರು, ಮೋಟಾರು ತಯಾರಿಸುವ ಸಣ್ಣ ಉದ್ಯಮಿಯೂ ವಾರಂಟಿ ನೀಡುತ್ತಾನೆ; ಆದರೆ ಅದರ ವೆಚ್ಚವನ್ನು ಹಣ ಕೈಬಿಟ್ಟ ವರ್ಷದಲ್ಲಿ ಮಾತ್ರ ಬರೆಯುವುದುಂಟು. ಲೆಕ್ಕಪತ್ರ ಮಾನಕ 29ರ ಪ್ರಕಾರ, ಮಾರಾಟದಿಂದ ಹುಟ್ಟಿದ ಬಾಧ್ಯತೆಗೆ ವೆಚ್ಚ ಸಂಭವನೀಯವಾಗಿದ್ದು, ಅದನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದಾದಲ್ಲಿ, ಮಾರಾಟದ ವರ್ಷದಲ್ಲೇ ಅವಕಾಶ ಕಲ್ಪಿಸಬೇಕು.

ಉದಾಹರಣೆಗೆ, ವರ್ಷಕ್ಕೆ 1,000 ಪಂಪುಗಳು ಮಾರಾಟವಾಗಿ, ಹಿಂದಿನ ವರ್ಷಗಳ ಅನುಭವದಂತೆ ಶೇ. 3ರಷ್ಟು ಮರಳಿ ಬರುತ್ತವೆ, ದುರಸ್ತಿಗೆ ತಲಾ ರೂ. 1,500 ತಗಲುತ್ತದೆ ಎನ್ನೋಣ. 30 ಪಂಪುಗಳಿಗೆ ರೂ. 45,000ದ ಅವಕಾಶ ಬೇಕು. ಇದನ್ನು ಬಿಟ್ಟರೆ ಆ ವರ್ಷದ ಲಾಭ ಅಷ್ಟರಮಟ್ಟಿಗೆ ಹುಸಿ.

ರೋಟೋರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ (2009) ಸರ್ವೋಚ್ಚ ನ್ಯಾಯಾಲಯವು, ಹಿಂದಿನ ಅಂಕಿಅಂಶಗಳ ಆಧಾರದ ಮೇಲೆ ಶಾಸ್ತ್ರೀಯವಾಗಿ ಅಂದಾಜಿಸಿದ ವಾರಂಟಿ ಅವಕಾಶವನ್ನು 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನಡಿ ಕಳೆಯಬಹುದೆಂದು ಹೇಳಿತು. ಊಹೆಯ ಮೊತ್ತಕ್ಕೆ ಈ ಆಶ್ರಯವಿಲ್ಲ.

ಈ ಅಂಕಿಅಂಶ ದೊರೆಯುವುದು ದೂರು ಪುಸ್ತಕದಿಂದಲೇ. ಮಾರಾಟದ ದಿನಾಂಕ, ಬ್ಯಾಚ್ ಸಂಖ್ಯೆ, ಕೆಟ್ಟ ಭಾಗ, ತಗುಲಿದ ವೆಚ್ಚ ಎಂಬ ನಾಲ್ಕು ಅಂಕಣಗಳಿದ್ದರೆ ಸಾಕು. ಒಂದೇ ಭಾಗ ಪದೇ ಪದೇ ಕಂಡುಬಂದಲ್ಲಿ ದೋಷ ಗ್ರಾಹಕನ ಬಳಕೆಯಲ್ಲಿಲ್ಲದೆ ವಿನ್ಯಾಸದಲ್ಲಿರುವ ಸಾಧ್ಯತೆ ಹೆಚ್ಚು. 'ಇದು ಸಹಜ' ಎಂದು ದೂರನ್ನು ತಳ್ಳಿಹಾಕುವ ಮುನ್ನ ಆ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಉದ್ಯಮಿಗೆ ಶ್ರೇಯಸ್ಕರ.