ಕುಣಿದರೆ ದಣಿವೇಕೆ ಆಗಲಿಲ್ಲ?

ಪುಣಜನೂರು ಕಾಡಂಚಿನ ಊರು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿದೆ. ಸುತ್ತಲ ಕಾಡಿನಲ್ಲಿ ಸೋಲಿಗರ ಪೋಡುಗಳಿವೆ. ಪೋಡು ಎಂದರೆ ಸೋಲಿಗರ ಕೇರಿ. ರಾಗಿ ಬೆಳೆ ಬಂದಾಗ ಸೋಲಿಗರು ರೊಟ್ಟಿ ಹಬ್ಬ ಮಾಡುತ್ತಾರೆ. ಗೊರುಕನ ಹಾಡುತ್ತಾರೆ, ಕುಣಿಯುತ್ತಾರೆ.

ಹಬ್ಬಕ್ಕೆಂದು ತಂಗಿ ಅಕ್ಕನ ಮನೆಗೆ ಬಂದಳು. ರಾತ್ರಿ ಬಹಳ ಹೊತ್ತು ಕುಣಿದಳು. ಬೆಳಿಗ್ಗೆ ಕೇಳಿದಳು:

"ಅಕ್ಕ, ದಿನಾ ಎರಡು ಕೊಡ ನೀರು ತರೋಷ್ಟರಲ್ಲಿ ಸೊಂಟ ಹಿಡ್ಕತದೆ. ರಾತ್ರಿ ಅಷ್ಟೊತ್ತು ಕುಣಿದ್ರೂ ದಣಿವೇ ಗೊತ್ತಾಗ್ನಿಲ್ಲ. ಯಾಕಕ್ಕ?"

"ನೀರು ತರದಿದ್ರೆ ಮನೆ ನಡೆಯಲ್ಲ. ಕುಣಿ ಅಂತ ನಿಂಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ ಕನಕ್ಕ. ಕಾಲು ತಾನೇ ಎದ್ದೋಯ್ತು."

"ಅದೇ ನೋಡು!"

ಅಕ್ಕಂದಿರೇ, ಅಮೆರಿಕದಲ್ಲಿ ಮಿಹಾಯ್ ಎಂಬ ವಿದ್ವಾಂಸರಿದ್ದರು (1934–2021). ಅವರು ಮನಸ್ಸಿನ ವಿಚಾರ ಓದಿದವರು. ಬೆಟ್ಟ ಹತ್ತುವವರನ್ನು, ನೃತ್ಯ ಮಾಡುವವರನ್ನು, ಚದುರಂಗ ಆಡುವವರನ್ನು ಮಾತಾಡಿಸಿದರು. ಆಟದಲ್ಲಿ ಮುಳುಗಿದಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ. ಚಿಂತೆಯೂ ಮರೆಯುತ್ತದೆ. ಈ ಸ್ಥಿತಿಗೆ ಅವರು 'ಹರಿವು' ಎಂದು ಹೆಸರಿಟ್ಟರು.

ಹರಿವು ಯಾವಾಗ ಬರುತ್ತದೆ? ಕೋಲಾಟವನ್ನೇ ನೋಡಿ.

1. ಏನು ಮಾಡಬೇಕು ಎಂಬುದು ಗೊತ್ತಿರುತ್ತದೆ. ಹೆಜ್ಜೆ ಹಾಕಬೇಕು, ಕೋಲು ಹೊಡೆಯಬೇಕು.
2. ಸರಿಯೋ ತಪ್ಪೋ ಕೂಡಲೇ ತಿಳಿಯುತ್ತದೆ. ಕೋಲಿಗೆ ಕೋಲು ತಾಗಿದರೆ ಸರಿ.
3. ಆಟ ನಮ್ಮ ಶಕ್ತಿಗೆ ತಕ್ಕಷ್ಟಿರುತ್ತದೆ. ತೀರಾ ಸುಲಭವಾದರೆ ಬೇಸರ. ತೀರಾ ಕಷ್ಟವಾದರೆ ಭಯ.

ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮನೆಗೆಲಸ, ಹೊಲದ ಕೆಲಸವೂ ಅದರಲ್ಲಿ ಸೇರುತ್ತದೆ. ಆದರೆ ಕೆಲಸದಿಂದ ಮೈ ಆಡಿತು, ಮನಸ್ಸು? ಮನಸ್ಸಿಗೂ ಆಟ ಬೇಕು.

ಆ ಆಟ ಇನ್ನೊಂದು ಹೊರೆ ಆಗಬಾರದು. ನೀರು ತರುವ ಕೆಲಸವನ್ನು ಮನೆಯ ಗಂಡಸರೂ ಹಂಚಿಕೊಳ್ಳಲಿ. ತಲೆ ಸುತ್ತು, ಏದುಸಿರು ಇದ್ದರೆ ಮೊದಲು ಆಸ್ಪತ್ರೆಗೆ ತೋರಿಸಿ. ರಕ್ತ ಕಡಿಮೆ ಇರಬಹುದು.

ತಂಗಿ ಊರಿಗೆ ಹೊರಟಳು. ಮುಖ ಸಪ್ಪಗಾಯಿತು.

"ಮದ್ವೆ ಆದ್ಮೇಲೆ ಅಲ್ಲಿ ಕೋಲು ಮುಟ್ಟಿಲ್ಲ ಅಕ್ಕ. ಅತ್ತೆ ಏನಂತಾರೋ!"

"ಅತ್ತೇನೂ ಒಂದು ಕಾಲಕ್ಕೆ ಹುಡುಗಿ ಆಗಿರ್ನಿಲ್ವಾ? ಅವ್ರನ್ನೂ ಕರಿ."

ಮುಂದಿನ ವಾರ ಸಂಜೆ ತಂಗಿ ಮೂವರು ಹೆಂಗಸರನ್ನು ಸೇರಿಸಿದಳು. ಅತ್ತೆ ಜಗಲಿ ಮೇಲೆ ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಾಯಿತು. ಆಮೇಲೆ ಎದ್ದು ಬಂದರು.

"ಹಂಗಲ್ಲ ಕನವ್ವ ಹೆಜ್ಜೆ. ತತ್ತಾ ಇಲ್ಲಿ ಕೋಲು!" ಅಂದರು.

ಉತ್ತರ ಬರೆಯಿರಿ:
1. ಪೋಡು ಎಂದರೇನು?
2. ನೀರು ತಂದಾಗ ಆದ ದಣಿವು ಕುಣಿದಾಗ ಯಾಕೆ ಆಗಲಿಲ್ಲ?
3. ನೀವು ಬಿಟ್ಟುಬಿಟ್ಟ ಆಟ ಯಾವುದು? ಯಾಕೆ ಬಿಟ್ಟಿರಿ?